ಡಿಬಿ ಬಾಕ್ಸ್ ತರೋ ಮುಂಚೆ ಲೋಡ್ ಲೆಕ್ಕ ಹಾಕಿ: ಹಳ್ಳಿ ಮನೆ ಕರೆಂಟಿಗೆ ಮೂರು ಕಂತಿನ ಬಜೆಟ್

ಈ ವಾರ ಗೊಬ್ಬರ, ಕೀಟ, ರೋಗ ಯಾವುದೂ ಬೇಡ. ಮನೆ ಬಾಗಿಲ ಹಿಂದೆ ಧೂಳು ಹಿಡಿದು ಕೂತಿರೋ ಮೀಟರ್ ಬೋರ್ಡ್ ಬಗ್ಗೆ ಮಾತಾಡೋಣ. ಬೋರ್‌ವೆಲ್ ಪ್ಯಾನೆಲ್‌ಗೆ, ಸ್ಟಾರ್ಟರ್‌ಗೆ ನಾವು ಲೆಕ್ಕ ನೋಡದೆ ದುಡ್ಡು ಹಾಕ್ತೀವಿ, ಯಾಕಂದ್ರೆ ಅದು ನಿಂತರೆ ತೋಟ ಒಣಗುತ್ತೆ. ಮನೆ ಬೋರ್ಡ್ ಮಾತ್ರ ಹೊಗೆ ಬರೋವರೆಗೂ ಯಾರ ಕಣ್ಣಿಗೂ ಬೀಳಲ್ಲ.

ಬೋರ್ಡ್ ಹಳೇದು, ಹೊರೆ ಹೊಸದು

ನಮ್ಮದು ತುಮಕೂರು ಜಿಲ್ಲೆ. ತೆಂಗು, ಅಡಿಕೆ, ನಡುವೆ ಬಾಳೆ, ಮೆಣಸು, ಜೊತೆಗೆ ನಾಲ್ಕು ಹಸು. ಮನೆ ವೈರಿಂಗ್ ಆಗಿದ್ದು ಅಪ್ಪನ ಕಾಲದಲ್ಲಿ. ಆಗ ಇದ್ದದ್ದು ಐದಾರು ಬಲ್ಬು, ಎರಡು ಫ್ಯಾನು, ಒಂದು ಟಿವಿ. ಆಮೇಲೆ ಫ್ರಿಜ್ ಬಂತು, ಮಿಕ್ಸಿ ಬಂತು, ಗೀಸರ್ ಬಂತು. ಕೊಟ್ಟಿಗೆಗೆ ಮೇವು ಕತ್ತರಿಸೋ ಯಂತ್ರ, ಹಾಲು ಕರೆಯೋ ಯಂತ್ರ ಬಂತು. ಈಗ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜರ್. ಎಲ್ಲದರ ಭಾರ ಅದೇ ಹಳೇ ಮೇನ್ ಸ್ವಿಚ್, ಅದೇ ಪಿಂಗಾಣಿ ಫ್ಯೂಸ್ ಮೇಲೆ.

ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ ದಪ್ಪ ತಾಮ್ರದ ಎಳೆ ಕಟ್ಟಿರೋ ಮನೆಗಳು ಪ್ರತಿ ಊರಲ್ಲೂ ಇವೆ. ಫ್ಯೂಸ್ ಇರೋದೇ ಸುಟ್ಟು ಹೋಗೋಕೆ. ಅದು ಸುಡಬಾರದು ಅಂತ ದಪ್ಪ ಎಳೆ ಕಟ್ಟಿದರೆ, ಅದರ ಬದಲು ಗೋಡೆಯೊಳಗಿನ ವೈರ್ ಸುಡುತ್ತೆ.

ನಮ್ಮ ಮನೇಲಿ ವಿಷಯ ಗಂಭೀರ ಆಗಿದ್ದು ಬೇರೆ ಕಾರಣಕ್ಕೆ. ಬಚ್ಚಲ ನಲ್ಲಿ ಮುಟ್ಟಿದ್ರೆ ಜುಮ್ ಅನ್ನುತ್ತೆ ಅಂತ ಅಮ್ಮ ಚಪ್ಪಲಿ ಹಾಕ್ಕೊಂಡು ನೀರು ಹಿಡಿಯೋಕೆ ಶುರು ಮಾಡಿದ್ರು. ಬೋರ್ಡ್ ಬದಲಾಯಿಸೋಣ ಅಂದ್ರೆ ಅಪ್ಪನ ಮಾತು: "ಮೂವತ್ತು ವರ್ಷದಿಂದ ಏನೂ ಆಗಿಲ್ಲ ಕಣೋ. ಆ ದುಡ್ಡಿಗೆ ಒಂದು ಕಡಸು ಬರುತ್ತೆ." ಅಪ್ಪ ಹೇಳಿದ್ರಲ್ಲೂ ಅರ್ಥ ಇತ್ತು. ಒಬ್ಬ ಕಾಂಟ್ರಾಕ್ಟರ್ ಬಂದು ನೋಡಿ, ಒಂದೇ ಸಾಲಲ್ಲಿ "ಒಟ್ಟು 60,000" ಅಂತ ಬರೆದು ಕೊಟ್ಟು ಹೋಗಿದ್ರು. ಯಾವುದಕ್ಕೆ ಎಷ್ಟು ಅಂತ ಇಲ್ಲ. ಹಾಗಾಗಿ ನಾನೇ ಕೂತು ಲೆಕ್ಕ ಹಾಕಿದೆ.

ಮೊದಲು ಪಟ್ಟಿ, ಆಮೇಲೆ ಪೆಟ್ಟಿಗೆ

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಸುರಿಯೋದು ಎಷ್ಟು ದಂಡವೋ, ಲೋಡ್ ಪಟ್ಟಿ ಮಾಡದೆ ಡಿಬಿ ಬಾಕ್ಸ್ ತರೋದೂ ಅಷ್ಟೇ. ಫೋನ್ ತಗೊಂಡು ಮನೆ, ಕೊಟ್ಟಿಗೆ ಒಂದು ಸುತ್ತು ಹಾಕಿ. ಪ್ರತಿ ಉಪಕರಣದ ಹಿಂದಿನ ಪಟ್ಟಿಯ ಫೋಟೊ ತೆಗೆಯಿರಿ. ಅದರಲ್ಲಿ ವ್ಯಾಟ್ ಇರುತ್ತೆ. ಮೋಟರ್ ಮೇಲೆ ಎಚ್‌ಪಿ ಇದ್ರೆ 746ರಿಂದ ಗುಣಿಸಿ. ಮೋಟರ್ ಎಳೆಯೋದು ಅದಕ್ಕಿಂತ ಸ್ವಲ್ಪ ಜಾಸ್ತಿನೇ ಇರುತ್ತೆ.

ನಮ್ಮ ಮನೆಯ ಪಟ್ಟಿ, ವ್ಯಾಟ್ ಲೆಕ್ಕದಲ್ಲಿ:

- ಎಲ್‌ಇಡಿ ಬಲ್ಬ್ 12: 108
- ಫ್ಯಾನ್ 4: 300
- ಟಿವಿ, ವೈಫೈ, ಮೊಬೈಲ್ ಚಾರ್ಜರ್: 150
- ಫ್ರಿಜ್: 200
- ಮಿಕ್ಸಿ: 750
- ಇಸ್ತ್ರಿ ಪೆಟ್ಟಿಗೆ: 1,000
- ಗೀಸರ್: 2,000
- ಟ್ಯಾಂಕ್‌ಗೆ ನೀರು ಏರಿಸೋ ಅರ್ಧ ಎಚ್‌ಪಿ ಮೋಟರ್: 400
- ಜೀವಾಮೃತ ಸೋಸಿ ಬಿಡೋ ಪಂಪ್: 400
- ಮೇವು ಕತ್ತರಿಸೋ ಯಂತ್ರ, 2 ಎಚ್‌ಪಿ: 1,500
- ಹಾಲು ಕರೆಯೋ ಯಂತ್ರ, 1 ಎಚ್‌ಪಿ: 750
- ಸ್ಕೂಟರ್ ಚಾರ್ಜರ್: 750

ಒಟ್ಟು 8,308 ವ್ಯಾಟ್, ಅಂದರೆ 8.3 ಕಿಲೋವ್ಯಾಟ್. ನಮ್ಮ ಕರೆಂಟ್ ಬಿಲ್ ಮೇಲೆ ಇದ್ದ ಮಂಜೂರಾದ ಲೋಡ್ ಬರೀ 2 ಕಿಲೋವ್ಯಾಟ್.

ಬೆಳಗಿನ ಎರಡು ಗಂಟೆ ನೋಡಿ

ಇಲ್ಲಿ ಗಾಬರಿ ಆಗಿ 9 ಕಿಲೋವ್ಯಾಟ್‌ಗೆ ಅರ್ಜಿ ಹಾಕೋ ಅಗತ್ಯ ಇಲ್ಲ. ಎಲ್ಲವೂ ಒಟ್ಟಿಗೆ ಓಡಲ್ಲ. ನಮ್ಮಲ್ಲಿ ಹೊರೆ ಜಾಸ್ತಿ ಇರೋದು ಬೆಳಿಗ್ಗೆ ಐದೂವರೆಯಿಂದ ಏಳೂವರೆ. ಗೀಸರ್, ಹಾಲು ಯಂತ್ರ, ಮೇವಿನ ಯಂತ್ರ, ಫ್ರಿಜ್, ಮಿಕ್ಸಿ, ಲೈಟು, ಎರಡು ಫ್ಯಾನ್ ಸೇರಿ ಸುಮಾರು 5.5 ಕಿಲೋವ್ಯಾಟ್. 230 ವೋಲ್ಟ್‌ಗೆ ಹತ್ತತ್ರ 24 ಆಂಪ್.

ಮೇವು ಕತ್ತರಿಸೋದನ್ನ ಮಧ್ಯಾಹ್ನಕ್ಕೆ ಹಾಕಿದ್ವಿ. ಬೆಳಗಿನ ಹೊರೆ 4 ಕಿಲೋವ್ಯಾಟ್‌ಗೆ ಇಳೀತು, 17 ಆಂಪ್ ಚಿಲ್ಲರೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಸ್ವಲ್ಪ ಹೆಚ್ಚುವರಿ ಇರಲಿ ಅಂತ 5 ಕಿಲೋವ್ಯಾಟ್ ಸಾಕು ಅಂದುಕೊಂಡ್ವಿ.

ಇದರಿಂದ ಏನು ಉಳೀತು? ಮಂಜೂರಾದ ಲೋಡ್‌ನ ಪ್ರತಿ ಕಿಲೋವ್ಯಾಟ್‌ಗೂ ತಿಂಗಳು ತಿಂಗಳು ನಿಗದಿತ ಶುಲ್ಕ ಇದೆ. ದರ ನಿಮ್ಮ ಬಿಲ್‌ನಲ್ಲೇ ಇರುತ್ತೆ. ಲೆಕ್ಕಕ್ಕೆ ಕಿಲೋವ್ಯಾಟ್‌ಗೆ 150 ರೂ. ಅಂತ ಇಟ್ಟುಕೊಳ್ಳಿ. 9ರ ಬದಲು 5 ಕಿಲೋವ್ಯಾಟ್ ತಗೊಂಡರೆ ತಿಂಗಳಿಗೆ 600, ವರ್ಷಕ್ಕೆ 7,200 ರೂ. ವ್ಯತ್ಯಾಸ. ಪೆಟ್ಟಿಗೆ ಖರ್ಚು ಒಂದು ಸಲ, ಈ ಖರ್ಚು ಪ್ರತಿ ತಿಂಗಳು. ಗೃಹಜ್ಯೋತಿ ಇರೋರು ಲೋಡ್ ಏರಿಸಿದರೆ ತಮ್ಮ ಬಿಲ್ ಹೇಗೆ ಬರುತ್ತೆ ಅಂತ ಉಪವಿಭಾಗದ ಕಚೇರಿಯಲ್ಲಿ ಕೇಳಿಕೊಂಡೇ ಅರ್ಜಿ ಹಾಕಿ. ಡಿಜಿಟಲ್ ಮೀಟರ್ ಇದ್ರೆ ಬಿಲ್‌ನಲ್ಲಿ ದಾಖಲಾದ ಗರಿಷ್ಠ ಬೇಡಿಕೆ, ಅಂದರೆ ಎಂ.ಡಿ. ಕೂಡ ಇರುತ್ತೆ. ಮಂಜೂರಾದ ಲೋಡ್‌ಗಿಂತ ಅದು ಜಾಸ್ತಿ ಬರ್ತಿದ್ರೆ ನಿಮ್ಮ ಮನೆ ಈಗಾಗಲೇ ಮಿತಿ ಮೀರಿದೆ ಅಂತ ಅರ್ಥ.

ಮೊದಲ ದುಡ್ಡು ಭೂಮಿಗೆ ಹಾಕಿ

ದುಡ್ಡು ಕಮ್ಮಿ ಇದೆ, ಎಲ್ಲಾ ಒಟ್ಟಿಗೆ ಆಗಲ್ಲ ಅಂದ್ರೆ ಮೊದಲು ಏನು? ನನ್ನ ಉತ್ತರ: ಅರ್ಥಿಂಗ್ ಮತ್ತು ಆರ್‌ಸಿಸಿಬಿ. ಎರಡೂ ಜೋಡಿ. ಒಂದನ್ನ ಬಿಟ್ಟು ಇನ್ನೊಂದು ಅರ್ಧ ಕೆಲಸ.

ಯಾಕೆ ಅಂತ ಲೆಕ್ಕದಲ್ಲೇ ನೋಡಿ. ಎಂಸಿಬಿ ಇರೋದು ವೈರ್ ಕಾಪಾಡೋಕೆ. ಗೀಸರ್ ಬಾಡಿಗೆ ಫೇಸ್ ತಗುಲಿತು ಅಂದುಕೊಳ್ಳಿ. ಅರ್ಥ್ ಗುಂಡಿಯ ಪ್ರತಿರೋಧ 5 ಓಮ್ ಇದ್ರೆ ಭೂಮಿಗೆ ಹರಿಯೋದು 230 ಭಾಗಿಸು 5, ಅಂದರೆ 46 ಆಂಪ್. ಸಿ ಟೈಪಿನ 20 ಆಂಪ್ ಎಂಸಿಬಿ ತಕ್ಷಣ ಬೀಳಬೇಕಾದ್ರೆ ಕನಿಷ್ಠ 100 ಆಂಪ್ ಬೇಕು. 46ಕ್ಕೆ ಅದು ಬಿಸಿಯಾಗಿ ನಿಧಾನಕ್ಕೆ ಬೀಳುತ್ತೆ. ಅಷ್ಟರೊಳಗೆ ಯಾರಾದ್ರೂ ನಲ್ಲಿ ಮುಟ್ಟಿರ್ತಾರೆ.

ಆರ್‌ಸಿಸಿಬಿ ಕೆಲಸ ಬೇರೆ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬಂತಾ ಅಂತ ತೂಗಿ ನೋಡುತ್ತೆ. 30 ಮಿಲಿಆಂಪ್ ಸೋರಿಕೆ ಆದ್ರೂ ಕಣ್ಣು ಮಿಟುಕಿಸೋದರೊಳಗೆ ಲೈನ್ ಕಟ್. ಮನುಷ್ಯರ ಜೀವಕ್ಕೆ 30 ಮಿಲಿಆಂಪಿನದೇ ಬೇಕು. ಅಂಗಡೀಲಿ 100, 300 ಮಿಲಿಆಂಪಿನವೂ ಸಿಗ್ತವೆ, ನೋಡಿ ತಗೊಳ್ಳಿ. ಇದು ಓವರ್‌ಲೋಡ್ ತಡೆಯಲ್ಲ, ಹಾಗಾಗಿ ಎಂಸಿಬಿ ಜೊತೆಗೇ ಇರಬೇಕು.

ಕೊಟ್ಟಿಗೆಗೆ ಪ್ರತ್ಯೇಕ ಆರ್‌ಸಿಸಿಬಿ ಹಾಕಿಸಿ. ಒದ್ದೆ ನೆಲ, ಕಬ್ಬಿಣದ ಗೂಟ, ನಾಲ್ಕು ಕಾಲು ನೆಲಕ್ಕೆ ಊರಿ ನಿಂತ ಹಸು. ನಮಗೆ ಬರೀ ಜುಮ್ ಅನ್ನೋ ಕರೆಂಟು ಹಸುವಿನ ಜೀವಕ್ಕೇ ಕುತ್ತು ತರಬಹುದು. ಪ್ರತ್ಯೇಕ ಇದ್ರೆ ಕೊಟ್ಟಿಗೇಲಿ ಟ್ರಿಪ್ ಆದಾಗ ಮನೆ ಕತ್ತಲಾಗಲ್ಲ.

ಮೂರು ಕಂತು

ಕೆಳಗಿನದು ನಮ್ಮ ಮನೆಯ ಲೆಕ್ಕ, ನಮ್ಮ ತಾಲ್ಲೂಕಿನ ಅಂಗಡಿ ದರ. ತಾಮ್ರದ ಬೆಲೆ ಏರಿಳಿದ ಹಾಗೆ ವೈರ್ ಬೆಲೆಯೂ ಬದಲಾಗುತ್ತೆ. ಅಂಕಿಗಿಂತ ಅನುಕ್ರಮ ಗಮನಿಸಿ.

ಮೊದಲ ಕಂತು, ಜೀವ ರಕ್ಷಣೆ:

- ಅರ್ಥ್ ಗುಂಡಿ (ಜಿಐ ಪೈಪ್, ಇದ್ದಿಲು, ಉಪ್ಪು, ವೈರ್, ಗುಂಡಿ ನಾವೇ ತೋಡಿದ್ದು): 3,500
- 12 ದಾರಿಯ ಡಿಬಿ ಬಾಕ್ಸ್: 2,000
- 32 ಆಂಪ್ ಡಬಲ್ ಪೋಲ್ ಮೇನ್ ಎಂಸಿಬಿ: 500
- 40 ಆಂಪ್, 30 ಮಿಲಿಆಂಪ್ ಆರ್‌ಸಿಸಿಬಿ ಎರಡು: 4,000
- ಸಿಂಗಲ್ ಪೋಲ್ ಎಂಸಿಬಿ ಆರು: 1,200
- ಲಗ್, ಕ್ಲಿಪ್, ಪಟ್ಟಿ ಇತ್ಯಾದಿ: 800
- ಎಲೆಕ್ಟ್ರಿಷಿಯನ್, ಸಹಾಯಕ, ಎರಡು ದಿನ: 3,000

ಒಟ್ಟು 15,000 ರೂ.

ಎರಡನೇ ಕಂತು, ವೈರ್. ಇದನ್ನ ಅಡಿಕೆ ದುಡ್ಡು ಬಂದ ಮೇಲೆ ಇಟ್ಟುಕೊಂಡ್ವಿ:

- ಕೊಟ್ಟಿಗೆಗೆ 4 ಚದರ ಮಿ.ಮೀ. ತಾಮ್ರದ ವೈರ್: 6,000
- ಅದರ ಅರ್ಥ್ ವೈರ್, 2.5 ಚದರ ಮಿ.ಮೀ.: 1,500
- ನೆಲದೊಳಗೆ ಹಾಕೋ ಪೈಪ್: 1,000
- ಕೊಟ್ಟಿಗೆಗೆ ನೀರು ಒಳಗೆ ಹೋಗದ ಬಾಕ್ಸ್: 1,000
- ಅಡುಗೆಮನೆ, ಗೀಸರ್‌ಗೆ ಹೊಸ ವೈರ್: 4,000
- ಕೂಲಿ: 4,000

ಒಟ್ಟು 17,500 ರೂ.

ಮೂರನೇ ಕಂತು, ಲೋಡ್ ಏರಿಸೋದು. ಠೇವಣಿ, ಶುಲ್ಕ, ಕಂಬದಿಂದ ಬರೋ ಸರ್ವಿಸ್ ವೈರ್, ಕಾಂಟ್ರಾಕ್ಟರ್ ಕಾಗದಪತ್ರ ಎಲ್ಲಕ್ಕೂ 8,000 ಎತ್ತಿಟ್ಟೆ. ನಿಮ್ಮ ಆರ್‌ಆರ್ ನಂಬರ್ ಹೇಳಿ ಕಚೇರಿಯಲ್ಲೇ ನಿಖರ ಮೊತ್ತ ತಿಳಿದುಕೊಳ್ಳಿ. ಮಂಜೂರಾತಿಗೆ ಸಮಯ ಹಿಡಿಯುತ್ತೆ, ಹಾಗಾಗಿ ಅರ್ಜಿಯನ್ನ ಎರಡನೇ ಕಂತಿನ ಹೊತ್ತಿಗೇ ಹಾಕಿ. ಅದು ಕೈಗೆ ಬರೋವರೆಗೆ ಹೊಸ ಮೋಟರ್ ಯಾವುದೂ ಬೇಡ.

ಮೂರೂ ಸೇರಿ 40,500. ಗೋಡೆ ಒಡೆದಾಗ ಏನು ಹೊರಡುತ್ತೋ ಗೊತ್ತಿಲ್ಲ ಅಂತ 4,500 ಪಕ್ಕಕ್ಕೆ. ಒಟ್ಟು 45,000 ರೂ. ಸಾಲ ಮಾಡ್ಲಿಲ್ಲ. ಮೊದಲ ಕಂತು 15,000 ಅಂದಾಗ ಅಪ್ಪನೂ ಒಪ್ಪಿದ್ರು.

ವೈರ್‌ನಲ್ಲಿ ಕಂಜೂಸ್ ಬೇಡ

ನಮ್ಮ ಕೊಟ್ಟಿಗೆ ಬೋರ್ಡ್‌ನಿಂದ 40 ಮೀಟರ್ ದೂರ. ಹೋಗಿ ಬರೋ ದಾರಿ 80 ಮೀಟರ್. 1.5 ಚದರ ಮಿ.ಮೀ. ತಾಮ್ರದ ವೈರ್ ಆದ್ರೆ ಅಷ್ಟು ದೂರಕ್ಕೆ ಹತ್ತಿರ ಹತ್ತಿರ 1 ಓಮ್ ಪ್ರತಿರೋಧ. 10 ಆಂಪ್ ಎಳೆದರೆ 10 ವೋಲ್ಟ್ ದಾರೀಲೇ ನಷ್ಟ. ಮೋಟರ್ ಸ್ಟಾರ್ಟ್ ಆಗುವಾಗ ಅದರ ನಾಲ್ಕೈದು ಪಟ್ಟು ಎಳೆಯುತ್ತೆ, ಆಗ 40-50 ವೋಲ್ಟ್ ಬೀಳುತ್ತೆ. ಮೊದಲೇ ಲೋ ವೋಲ್ಟೇಜ್ ಇರೋ ಊರಲ್ಲಿ ಮೋಟರ್ ಗುಂಯ್ ಅಂತ ನಿಂತು ಕಾಯಿಲ್ ಸುಡೋದು ಹೀಗೆ. 4 ಚದರ ಮಿ.ಮೀ. ವೈರ್‌ನಲ್ಲಿ 10 ಆಂಪ್‌ಗೆ ಬೀಳೋದು 4 ವೋಲ್ಟ್‌ಗಿಂತ ಕಮ್ಮಿ. ಒಂದು ಸಲ ಮೋಟರ್ ರೀವೈಂಡಿಂಗ್ ತಪ್ಪಿದರೂ ವೈರ್‌ಗೆ ಹಾಕಿದ ಹೆಚ್ಚಿನ ದುಡ್ಡಲ್ಲಿ ಒಳ್ಳೆ ಪಾಲು ವಾಪಸ್ ಬಂದ ಹಾಗೆ.

ಸಾಮಾನ್ಯ ಲೆಕ್ಕ ನೆನಪಿಡಿ: ಲೈಟ್, ಫ್ಯಾನ್‌ಗೆ 1.5 ವೈರ್, 6 ಅಥವಾ 10 ಆಂಪ್ ಎಂಸಿಬಿ. ಗೀಸರ್, ಇಸ್ತ್ರಿ ಥರದ 16 ಆಂಪ್ ಸಾಕೆಟ್‌ಗೆ 2.5 ವೈರ್, 16 ಆಂಪ್ ಎಂಸಿಬಿ. ವೈರ್ ತಡೆಯೋದಕ್ಕಿಂತ ದೊಡ್ಡ ಎಂಸಿಬಿ ಹಾಕಿಸಬೇಡಿ. ಮೇಲೆ ಹೇಳಿದ ದಪ್ಪ ಎಳೆಯ ಫ್ಯೂಸಿಗೂ ಅದಕ್ಕೂ ವ್ಯತ್ಯಾಸ ಇಲ್ಲ.

ವೈರ್, ಎಂಸಿಬಿ ಮೇಲೆ ಐಎಸ್‌ಐ ಗುರುತಿನ ಜೊತೆ ಲೈಸೆನ್ಸ್ ನಂಬರ್ ಇರುತ್ತೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಅಸಲಿಯೋ ನಕಲಿಯೋ ಅಂಗಡಿ ಮುಂದೇ ಗೊತ್ತಾಗುತ್ತೆ.

ಟ್ರಿಪ್ ಆದ್ರೆ ಬೈಪಾಸ್ ಮಾಡಿಸಬೇಡಿ

ಹೊಸ ಬೋರ್ಡ್ ಹಾಕಿದ ಮೊದಲ ದಿನ ಮನೆ ಆರ್‌ಸಿಸಿಬಿ ಮೂರು ಸಲ ಬಿತ್ತು. "ಹಳೇ ವೈರಿಂಗ್ ಸಾರ್, ಇದು ಸುಮ್ಸುಮ್ನೆ ಬೀಳುತ್ತೆ, ಬೈಪಾಸ್ ಮಾಡಿಬಿಡ್ಲಾ?" ಅಂದ ಸಹಾಯಕ ಹುಡುಗ. ಬೇಡಪ್ಪ ಅಂದೆ. ಎಲ್ಲಾ ಎಂಸಿಬಿ ಇಳಿಸಿ, ಉಪಕರಣಗಳ ಪ್ಲಗ್ ಕಿತ್ತು, ಒಂದೊಂದಾಗಿ ಹಾಕುತ್ತಾ ಬಂದ್ವಿ. ಗೀಸರ್ ಹಾಕಿದ ತಕ್ಷಣ ಬಿತ್ತು. ಅದರ ಹೀಟಿಂಗ್ ಕಾಯಿಲ್ ಸೋರ್ತಿತ್ತು. ಅಮ್ಮನಿಗೆ ನಲ್ಲೀಲಿ ಜುಮ್ ಅಂತಿದ್ದದ್ದು ಅದೇ. ಕಾಯಿಲ್ ಬದಲಾಯಿಸಿದ ಮೇಲೆ ಸುಮ್ಮನೆ ಬಿದ್ದಿಲ್ಲ.

ಆರ್‌ಸಿಸಿಬಿ ಮೇಲೆ ಟೆಸ್ಟ್ ಬಟನ್ ಇರುತ್ತೆ. ತಿಂಗಳಿಗೊಮ್ಮೆ ಒತ್ತಿ, ಬೀಳಬೇಕು. ಬೀಳದಿದ್ರೆ ಬದಲಾಯಿಸಿ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕಿ.

ದುಡ್ಡು ಉಳಿಸೋ ಈ ದಾರಿಗಳು ಬೇಡ

ಪಂಪ್‌ಸೆಟ್ ಲೈನ್‌ನಿಂದ ಮನೆಗೆ ವೈರ್ ಎಳೆಯೋದು. ಉಚಿತ ಕರೆಂಟ್ ಇರೋದು 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಗೆ. ಅದರಿಂದ ಮನೆ ನಡೆಸಿದ್ರೆ 2003ರ ವಿದ್ಯುತ್ ಕಾಯ್ದೆಯ ಸೆಕ್ಷನ್ 126ರ ಪ್ರಕಾರ ಅನಧಿಕೃತ ಬಳಕೆ. ದುಪ್ಪಟ್ಟು ದರದಲ್ಲಿ ವಸೂಲಿ ಮಾಡ್ತಾರೆ.

ಅರ್ಥ್ ಅನ್ನೇ ನ್ಯೂಟ್ರಲ್ ಮಾಡಿಕೊಂಡು ಬಲ್ಬ್ ಉರಿಸೋದು. ಆ ಗುಂಡಿ ಸುತ್ತಲಿನ ಒದ್ದೆ ನೆಲದಲ್ಲಿ ಕಾಲಿಟ್ಟವರಿಗೆ ಶಾಕ್ ಖಚಿತ ಅಂತಲೇ ತಿಳಿಯಿರಿ.

ಮೀಟರ್ ಸೀಲ್ ಒಡೆದು ಕೆಲಸ ಮಾಡೋದು. ಮೀಟರ್‌ಗಿಂತ ಮುಂಚಿನದು ಎಸ್ಕಾಂನವರ ಕೆಲಸ. ತುರ್ತಿಗೆ 1912 ಇದೆ. ಡಿಬಿ ಕೆಲಸಕ್ಕೂ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರೋ ಕಾಂಟ್ರಾಕ್ಟರ್ ಬೇಕು. ಲೋಡ್ ಏರಿಸೋಕೆ ಅವರ ಸಹಿ ಹೇಗೂ ಬೇಕಾಗುತ್ತೆ.

ಈ ಭಾನುವಾರದ ಕೆಲಸ

ಒಂದು: ಬಿಲ್ ತೆಗೆದು ಮಂಜೂರಾದ ಲೋಡ್, ಎಂ.ಡಿ. ನೋಡಿ. ಎರಡು: ಉಪಕರಣಗಳ ಪಟ್ಟಿ ಮಾಡಿ, ಯಾವುದರ ಸಮಯ ಬದಲಾಯಿಸಬಹುದು ಗುರುತು ಹಾಕಿ. ಮೂರು: ಅದೇ ಪಟ್ಟಿ ಕೊಟ್ಟು ಇಬ್ಬರು ಕಾಂಟ್ರಾಕ್ಟರ್ ಹತ್ತಿರ ಸಾಮಾನು, ಕೂಲಿ, ಜಿಎಸ್‌ಟಿ ಬೇರೆ ಬೇರೆ ಬರೆಸಿದ ಕೊಟೇಶನ್ ಕೇಳಿ. "ಒಟ್ಟು ಇಷ್ಟು" ಅಂತ ಒಂದೇ ಸಾಲು ಬರೆದವರಿಗೆ ಕೆಲಸ ಕೊಡಬೇಡಿ. ನಾಲ್ಕು: ಮನೇಲಿ ಯಾರಿಗಾದ್ರೂ ನಲ್ಲಿ, ಫ್ರಿಜ್, ಮೋಟರ್ ಮುಟ್ಟಿದಾಗ ಜುಮ್ ಅನ್ನುತ್ತಾ ಅಂತ ಕೇಳಿ. ಹೌದು ಅಂದ್ರೆ ಆ ಉಪಕರಣದ ಪ್ಲಗ್ ಇವತ್ತೇ ಕಿತ್ತಿಡಿ, ಮೊದಲ ಕಂತಿನ ಕೆಲಸಕ್ಕೆ ಮುಂದಿನ ಬೆಳೆಯ ದುಡ್ಡು ಬರಲಿ ಅಂತ ಕಾಯಬೇಡಿ.