ಒಂಟೆ ತುಳಿದ ಹಾದಿಯಲ್ಲಿ ಒಂಟಿ ಸೈಕಲ್

1896ರ ನವೆಂಬರ್ 24ರಂದು ಪಶ್ಚಿಮ ಆಸ್ಟ್ರೇಲಿಯಾದ ಚಿನ್ನದ ಗಣಿಯೂರು ಕೂಲ್ಗಾರ್ಡಿಯಿಂದ ಆರ್ಥರ್ ರಿಚರ್ಡ್‌ಸನ್ ಎಂಬ ಇಪ್ಪತ್ನಾಲ್ಕರ ತರುಣ ಸೈಕಲ್ ಹತ್ತಿ ಪೂರ್ವಕ್ಕೆ ಹೊರಟ. ಜೊತೆಯಲ್ಲಿ ಇದ್ದದ್ದು ಒಂದು ಪುಟ್ಟ ಗಂಟು, ಒಂದು ನೀರಿನ ಚೀಲ. ಮುಂದೆ ಮರದ ನೆರಳೂ ಸಿಗದ ನಲ್ಲಾರ್ಬರ್ ಬಯಲು. ಆ ನಾಡಿನಲ್ಲಿ ನವೆಂಬರ್ ಕಳೆದರೆ ಸುಡುಬೇಸಿಗೆ. ತಂತಿಕಂಬಗಳ ಸಾಲು ಹಿಡಿದು ಸಾಗಿದ ರಿಚರ್ಡ್‌ಸನ್ 31 ದಿನಗಳಲ್ಲಿ ಅಡಿಲೇಡ್ ಮುಟ್ಟಿದ. ನಲ್ಲಾರ್ಬರನ್ನು ಸೈಕಲ್ಲಿನಲ್ಲಿ ದಾಟಿದ ಮೊದಲಿಗ ಅವನೇ.

ಅವನ ಸಾಹಸದ ಕತೆ ಓದುವಾಗ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಬೇರೂರಿಬಿಟ್ಟಿತು. ಮರಳು, ಮುಳ್ಳುಹುಲ್ಲು, ಕಲ್ಲುಹರಳಿನ ಆ ನೆಲದಲ್ಲಿ ರಸ್ತೆಯೆಂಬುದೇ ಇರಲಿಲ್ಲ. ಹಾಗಾದರೆ ಈ ಸವಾರರು ಸೈಕಲ್ ತುಳಿದದ್ದು ಯಾವುದರ ಮೇಲೆ?

ಉತ್ತರ ಸಿಕ್ಕಿದ್ದು ಜಿಮ್ ಫಿಟ್ಜ್‌ಪ್ಯಾಟ್ರಿಕ್ ಅವರ ‘ದ ಬೈಸಿಕಲ್ ಅಂಡ್ ದ ಬುಷ್’ ಎಂಬ 1980ರ ಪುಸ್ತಕದ ಜಾಡು ಹಿಡಿದಾಗ. ಆ ಸವಾರರಿಗೆ ಒದಗಿಬಂದ ಒಳ್ಳೆಯ ಹಾದಿಗಳನ್ನು ಮಾಡಿಕೊಟ್ಟದ್ದು ಒಂಟೆಗಳು!

ಕುದುರೆಯ ಗೊರಸು ನೆಲವನ್ನು ಕೀಳುತ್ತದೆ, ಎತ್ತಿನ ಬಂಡಿಯ ಚಕ್ರ ಕೊರೆಯುತ್ತದೆ. ಒಂಟೆಗೆ ಗೊರಸಿಲ್ಲ. ಎರಡು ಬೆರಳುಗಳಿರುವ, ಅಗಲವಾದ ಮೆತ್ತನೆಯ ಪಾದ. ಜೋಳದ ಹಿಟ್ಟನ್ನು ಅಂಗೈಯಲ್ಲಿ ತಟ್ಟಿದ ಹಾಗೆ ಅದು ಮಣ್ಣನ್ನು ತಟ್ಟುತ್ತದೆ. ಹೊರೆ ಹೊತ್ತ ಒಂಟೆಗಳನ್ನು ಒಂದರ ಹಿಂದೊಂದು ಕಟ್ಟಿ ಸಾಲಾಗಿ ನಡೆಸುವುದು ವಾಡಿಕೆ. ಅಷ್ಟೂ ಪಾದಗಳು ಮತ್ತೆ ಮತ್ತೆ ಅದೇ ಜಾಗದಲ್ಲಿ ಬಿದ್ದು, ಕಲ್ಲುಗಳು ಪಕ್ಕಕ್ಕೆ ಸರಿದು, ಪೊದೆಗಳ ನಡುವೆ ನುಣುಪಾದ ಒಂದು ಕಿರುಹಾದಿ ಮೂಡುತ್ತಿತ್ತು. ಅಗಲ ಕಡಿಮೆ, ನಿಜ. ಸೈಕಲ್ಲಿಗೆ ಅಷ್ಟೇ ಸಾಕಲ್ಲ!

ಕೂಲ್ಗಾರ್ಡಿಯಲ್ಲಿ ಚಿನ್ನ ಸಿಕ್ಕಿದ್ದು 1892ರಲ್ಲಿ. ಜನ ಮುಗಿಬಿದ್ದರು, ಆದರೆ ಕುಡಿಯಲು ನೀರಿಲ್ಲ. ಉಪ್ಪುನೀರನ್ನು ಕಾಯಿಸಿ, ಭಟ್ಟಿ ಇಳಿಸಿ ಮಾರುತ್ತಿದ್ದರು. ಅಂಥಲ್ಲಿ ಕುದುರೆ ಸಾಕುವುದು ದುಬಾರಿ ಬಾಬ್ತು. ಸೈಕಲ್ ನೀರು ಕೇಳುವುದಿಲ್ಲ, ಮೇವು ಕೇಳುವುದಿಲ್ಲ. ಗಾಳಿ ತುಂಬಿದ ಟೈರು 1888ರಲ್ಲಷ್ಟೇ ಡನ್‌ಲಪ್ ಕೈಯಿಂದ ಬಂದಿತ್ತು. ಕೆಲವೇ ವರ್ಷಗಳಲ್ಲಿ ಗಣಿನಾಡಿನ ತುಂಬ ಸೈಕಲ್ ಓಡಾಡತೊಡಗಿತು. ಖಾಸಗಿ ಸೈಕಲ್ ಅಂಚೆಯವರು ತಮ್ಮದೇ ಚೀಟಿ ಅಚ್ಚುಹಾಕಿಸಿ ಕಾಗದ ಸಾಗಿಸಿದರು. ಅಂಚೆಚೀಟಿ ಸಂಗ್ರಹಿಸುವವರು ಅವನ್ನು ಇಂದಿಗೂ ಹುಡುಕುತ್ತಾರೆ. ಮುಂದೆ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಮೊಲಗಳನ್ನು ತಡೆಯಲು ಹಾಕಿದ ಬೇಲಿ ಕಾಯುವವರೂ ಸೈಕಲ್ ತುಳಿದರು. ದೂರಯಾನದ ಹುಚ್ಚು ಹುಟ್ಟಿದ್ದು ಈ ದಿನನಿತ್ಯದ ದುಡಿಮೆಯೊಳಗಿಂದಲೇ.

ಆ ಒಂಟೆಗಳನ್ನು ನಡೆಸಿದವರು ಯಾರು? ನನ್ನ ಮನಸ್ಸು ನಿಂತದ್ದು ಇಲ್ಲಿ. 1860ರಲ್ಲಿ ಬರ್ಕ್ ಮತ್ತು ವಿಲ್ಸ್ ಅವರ ಅನ್ವೇಷಣಾ ತಂಡಕ್ಕೆಂದು 24 ಒಂಟೆಗಳು ಕರಾಚಿಯಿಂದ ಹಡಗಿನಲ್ಲಿ ಮೆಲ್ಬರ್ನಿಗೆ ಬಂದವು. 1866ರಲ್ಲಿ ಥಾಮಸ್ ಎಲ್ಡರ್ ಎಂಬ ಉದ್ಯಮಿ ನೂರಕ್ಕೂ ಹೆಚ್ಚು ಒಂಟೆಗಳನ್ನು ಪೋರ್ಟ್ ಅಗಸ್ಟಾದಲ್ಲಿ ಇಳಿಸಿದ. ಜೊತೆಗೆ ಪೇಶಾವರ, ಬಲೂಚಿಸ್ತಾನ, ಪಂಜಾಬ್, ಸಿಂಧ್ ಕಡೆಯ ಮಂದಿ ಬಂದರು. ಕೂಲ್ಗಾರ್ಡಿಯಲ್ಲಿ ಫೈಜ್ ಮತ್ತು ತಾಜ್ ಮಹಮದ್ ಎಂಬ ಸೋದರರದು ದೊಡ್ಡ ಒಂಟೆ ವ್ಯಾಪಾರ. ತಾಜ್ 1896ರ ಜನವರಿಯಲ್ಲಿ ಕೂಲ್ಗಾರ್ಡಿಯ ಮಸೀದಿಯಲ್ಲೇ ಕೊಲೆಯಾದ. ರಿಚರ್ಡ್‌ಸನ್ ಹೊರಟದ್ದು ಅದೇ ಊರಿಂದ, ಅದೇ ವರ್ಷದ ಕೊನೆಗೆ.

ಗಣಿನಾಡು ಉಂಡ ಹಿಟ್ಟು, ಬಳಸಿದ ಹಾರೆ ಗುದ್ದಲಿಗಳನ್ನು ಹೊತ್ತು ತಂದವರಲ್ಲಿ ಈ ಒಂಟೆಯವರೂ ಇದ್ದರು. ಆದರೆ ಏಷ್ಯಾದವರಿಗೆ ಅಲ್ಲಿ ಚಿನ್ನ ತೆಗೆಯುವ ಪರವಾನಗಿ ಕೊಡುತ್ತಿರಲಿಲ್ಲ. ಬಂಡಿ ಹೊಡೆಯುವ ಬಿಳಿಯರಿಗೂ ಇವರಿಗೂ ನೀರಿನ ಗುಂಡಿಗಳ ಬಳಿ ಜಗಳ, ಗುಂಡೇಟು. ಆ ಗುಂಡಿಗಳಾದರೂ ಯಾರವು? ಬಂಡೆಯ ಪೊಟರೆಯಲ್ಲಿ ಎಲ್ಲಿ ಎಷ್ಟು ದಿನ ನೀರು ನಿಲ್ಲುತ್ತದೆಂದು ತಲೆಮಾರುಗಳಿಂದ ಅರಿತಿದ್ದವರು ಅಲ್ಲಿನ ಮೂಲನಿವಾಸಿಗಳು. ಜಗಳದಲ್ಲಿ ಅವರ ಮಾತು ಕೇಳುವವರೇ ಇರಲಿಲ್ಲ.

ಸವಾರರ ಹೆಸರುಗಳು ಮಾತ್ರ ಚೆನ್ನಾಗಿ ಉಳಿದಿವೆ. ಜೆರೋಮ್ ಮ್ಯೂರಿಫ್ 1897ರ ಮಾರ್ಚ್‌ನಲ್ಲಿ ಅಡಿಲೇಡ್ ಬಳಿಯ ಗ್ಲೆನೆಲ್ಗ್ ಕಡಲಲ್ಲಿ ಸೈಕಲ್ಲಿನ ಚಕ್ರ ಅದ್ದಿ, ಪೈಜಾಮ ತೊಟ್ಟು ಉತ್ತರಕ್ಕೆ ಹೊರಟು, ಮೇ ತಿಂಗಳಲ್ಲಿ ಡಾರ್ವಿನ್ ತಲುಪಿ ಖಂಡವನ್ನು ಉದ್ದಕ್ಕೆ ದಾಟಿದ. ಆ ಪೈಜಾಮದ ಸಂಗತಿ ಎಲ್ಲರಿಗೂ ನೆನಪಿದೆ. ಅವನ ಹಾದಿಯಲ್ಲಿದ್ದ ಊಡ್ನಡಾಟ ಎಂಬ ಊರಿಗೆ ರೈಲುಹಳಿ ಮುಗಿಯುತ್ತಿತ್ತು, ಅಲ್ಲಿಂದಾಚೆ 1872ರ ಟೆಲಿಗ್ರಾಫ್ ತಂತಿಮಾರ್ಗದ ಠಾಣೆಗಳಿಗೆ ದಿನಸಿ ಸಾಗುತ್ತಿದ್ದದ್ದು ಒಂಟೆಯ ಬೆನ್ನ ಮೇಲೆ ಎಂಬುದು ಎಷ್ಟು ಜನರಿಗೆ ನೆನಪಿದೆ? ಮ್ಯೂರಿಫ್ ಉಂಡು ಮಲಗಿದ ಠಾಣೆಗಳು ಇವೇ.

1899ರ ಜೂನ್ 5ರಂದು ರಿಚರ್ಡ್‌ಸನ್ ಮತ್ತೆ ಹೊರಟ. ಈ ಸಲ ಪರ್ತ್‌ನಿಂದ ಉತ್ತರಕ್ಕೆ, ಇಡೀ ಆಸ್ಟ್ರೇಲಿಯಾವನ್ನೇ ಸುತ್ತಲು. ಡೊನಾಲ್ಡ್ ಮ್ಯಾಕೆ ಮತ್ತು ವೈಟ್ ಸೋದರರು ಅದೇ ಕೀರ್ತಿಗಾಗಿ ಪೈಪೋಟಿಗಿಳಿದಿದ್ದರು. 1900ರ ಫೆಬ್ರವರಿ 4ಕ್ಕೆ ರಿಚರ್ಡ್‌ಸನ್ ಪರ್ತ್‌ಗೆ ಮರಳಿದ, ಮ್ಯಾಕೆ ಮುಗಿಸಿದ್ದು ಮಾರ್ಚ್‌ನಲ್ಲಿ. ಆಮೇಲೆ ಬಂದ ಫ್ರಾನ್ಸಿಸ್ ಬರ್ಟಲ್ಸ್ ಸೈಕಲ್ಲಿನಲ್ಲಿ ಖಂಡವನ್ನು ಹಲವು ಬಾರಿ ದಾಟಿ, 1912ರಲ್ಲಿ ಮೋಟಾರು ಕಾರು ಹತ್ತಿದ.

ಮೋಟಾರು ಬಂದದ್ದೇ ಒಂಟೆಗಳಿಗೆ ಮುಳುವಾಯಿತು. 1920ರ ದಶಕದಲ್ಲಿ ಲಾರಿಗಳು ಹೊರೆ ಕಸಿದುಕೊಂಡವು, ಒಂಟೆಯವರಿಗೆ ಕೆಲಸ ತಪ್ಪಿತು. 1925ರಲ್ಲಿ ದಕ್ಷಿಣ ಆಸ್ಟ್ರೇಲಿಯಾ, ಒಂಟೆಗಳನ್ನು ಕೊಲ್ಲಲು ಅವಕಾಶ ಕೊಡುವ ಕಾನೂನನ್ನೇ ತಂದಿತು. ವರ್ಷಗಟ್ಟಲೆ ಜೊತೆಗೆ ನಡೆದ ಪ್ರಾಣಿಗೆ ಗುಂಡಿಡಲು ಮನಸ್ಸಾಗದೆ ಎಷ್ಟೋ ಮಂದಿ ಅವನ್ನು ಮರುಭೂಮಿಗೆ ಬಿಟ್ಟರು. ನುಣುಪಾದ ಕಿರುಹಾದಿಗಳ ಮೇಲೆ ಹುಲ್ಲು ಬೆಳೆಯಿತು.

ಒಂಟೆ ಹೋಗಿ ಮೋಟಾರು ಬಂದದ್ದರಿಂದ ಸೈಕಲ್ಲಿಗೂ ನಷ್ಟವೇ. ಡಾಂಬರಿಲ್ಲದ ಹಾದಿಯಲ್ಲಿ ಮೋಟಾರಿನ ಚಕ್ರ ವೇಗ ಹೆಚ್ಚಿದಂತೆ ಕುಪ್ಪಳಿಸುತ್ತದೆ. ಬಿದ್ದ ಕಡೆ ಮಣ್ಣು ತಗ್ಗಾಗಿ, ಮುಂದೆ ದಿಬ್ಬವೇಳುತ್ತದೆ. ಹೀಗೆ ರಸ್ತೆಯ ತುಂಬ ಅಡ್ಡಲಾಗಿ ಮಣ್ಣಿನ ಅಲೆಗಳು. ಕಾರಿನವರು ಜೋರಾಗಿ ಓಡಿಸಿ ಅವುಗಳ ನೆತ್ತಿಯ ಮೇಲೆ ತೇಲಿಹೋಗುತ್ತಾರೆ. ಸೈಕಲ್ಲಿನವರಿಗೆ ಆ ವೇಗವಿಲ್ಲ. ಮಣಿಕಟ್ಟು ಮರಗಟ್ಟುತ್ತದೆ, ಸಾಮಾನು ಕಟ್ಟಿದ ಕಂಬಿ ಮುರಿಯುತ್ತದೆ. ಕಿಂಬರ್ಲಿಯ ಗಿಬ್ ರಿವರ್ ರಸ್ತೆಯಲ್ಲಿ, ಊಡ್ನಡಾಟ ಹಾದಿಯಲ್ಲಿ ಇಂದು ಒಬ್ಬರೇ ಸೈಕಲ್ ತುಳಿಯುವವರು ನಡುರಸ್ತೆ ಬಿಟ್ಟು, ಅಂಚಿನಲ್ಲಿ ಅಲೆಯೇಳದ ಒಂದು ಗೇಣು ನೆಲ ಹುಡುಕುತ್ತಾ ಸಾಗುತ್ತಾರೆ. ನೂರಮೂವತ್ತು ವರ್ಷಗಳ ಹಿಂದೆ ಅಂಥ ಗೇಣು ನೆಲವನ್ನು ಫೈಜ್ ಮಹಮದನಂಥವರ ಒಂಟೆಗಳು ಹದಮಾಡಿ ಇಡುತ್ತಿದ್ದವು.