ಪಾವಗಡದ ‘ಶಕ್ತಿಸ್ಥಲ’: ಉದ್ಯಮಗಳ ಪರಿಸರನಿಷ್ಠೆಯ ವಿಚಾರ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಸೇರಿರುತ್ತವೆ. ಇದು ಮಳೆ ಕಡಮೆಯಾದ ಬಯಲುಸೀಮೆ. ರಾಗಿ, ಕಡಲೆಕಾಯಿಗಳ ಬೇಸಾಯವೂ ಕುರಿಸಾಕಣೆಯೂ ಇಲ್ಲಿಯ ಜನರಿಗೆ ಜೀವನಾಧಾರ. ಅದರಲ್ಲಿಯೂ ಪಾವಗಡವು ಬರಗಾಲಕ್ಕೂ ಫ್ಲೋರೈಡು ಬೆರೆತ ಅಂತರ್ಜಲಕ್ಕೂ ಹೆಸರಾದುದು. ಈ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ನೆಲದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಕ್ಷೇತ್ರವು ನಿರ್ಮಿತವಾಗಿ, 2018ನೆಯ ಮಾರ್ಚಿಯಲ್ಲಿ ಉದ್ಘಾಟಿತವಾಯಿತು. 2019ರ ಕೊನೆಗೆ ಪೂರ್ಣಗೊಂಡಿತು. ಇದಕ್ಕೆ ‘ಶಕ್ತಿಸ್ಥಲ’ವೆಂದು ನಾಮಕರಣವಾಗಿದೆ. ವಚನಗಳನ್ನು ಓದಿದವರಿಗೆ ‘ಸ್ಥಲ’ವೆಂಬುದು ಸಾಧಕನು ಏರತಕ್ಕ ಮೆಟ್ಟಿಲು, ಇಲ್ಲಿಯಾದರೋ ಅದು ಸುಮಾರು 13,000 ಎಕರೆ ನೆಲ.

ಟಾಟಾ, ಅದಾನಿ, ಫಿನ್ಲೆಂಡಿನ ಫೋರ್ಟಮ್ ಮೊದಲಾದ ದೊಡ್ಡ ಉದ್ಯಮಗಳು ಇಲ್ಲಿ ಘಟಕಗಳನ್ನು ಸ್ಥಾಪಿಸಿದುವು. ಕಲ್ಲಿದ್ದಲನ್ನು ಸುಡದೆ ವಿದ್ಯುತ್ತನ್ನು ಪಡೆಯುವುದು ಲೋಕಹಿತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಂತಹ ಉದ್ಯಮಗಳು ಪರಿಸರದ ಮಾತನಾಡುವಾಗ ಅವುಗಳ ಉದ್ದೇಶವು ಶುದ್ಧವೇ ಎಂಬ ಶಂಕೆ ಲೋಕದಲ್ಲೆಲ್ಲ ಹುಟ್ಟಿದೆ. ಸುಣ್ಣ ಬಳಿದು ಕೊಳೆಯನ್ನು ಮರೆಸುವುದರ ಹೋಲಿಕೆಯಿಂದ ಇಂಗ್ಲಿಷಿನಲ್ಲಿ ‘ಗ್ರೀನ್‌ವಾಷ್’ ಎಂಬ ಪದವೇ ಬಳಕೆಗೆ ಬಂದಿದೆ. ಇದನ್ನು ಕನ್ನಡದಲ್ಲಿ ‘ಹಸಿರು ಬಳಿಯುವುದು’ ಎನ್ನಬಹುದು.

ಈ ಶಂಕೆಗೆ ನಮ್ಮ ನಾಡಿನಲ್ಲಿಯೇ ಪೂರ್ವನಿದರ್ಶನವುಂಟು. 1984ರಲ್ಲಿ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದುವು. ಸುಮಾರು 30,000 ಹೆಕ್ಟೇರು ನೆಲದಲ್ಲಿ ನೀಲಗಿರಿ ಮೊದಲಾದ ಮರಗಳನ್ನು ಬೆಳೆಸುವುದು ಅದರ ಸಂಕಲ್ಪ. ಕಡತಗಳಲ್ಲಿ ಆ ನೆಲವು ಬಂಜರು. ಹಳ್ಳಿಯವರಿಗೆ ಅದು ದನ ಮೇಯುವ, ಸೌದೆ ಸಿಗುವ ನೆಲ. ಸಮಾಜ ಪರಿವರ್ತನ ಸಮುದಾಯವೂ ಶಿವರಾಮ ಕಾರಂತರೂ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 1987ನೆಯ ನವೆಂಬರ್ 14ರಂದು ಕುಸನೂರಿನಲ್ಲಿ ಜನರು ನೀಲಗಿರಿಯ ಸಸಿಗಳನ್ನು ಕಿತ್ತು, ತಮಗೆ ಉಪಯುಕ್ತವಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂದು ಪ್ರಸಿದ್ಧವಾದ ಸತ್ಯಾಗ್ರಹವಿದು. ಕೆಲವೇ ವರ್ಷಗಳಲ್ಲಿ ಆ ಸಂಸ್ಥೆಯೇ ಮುಚ್ಚಿಹೋಯಿತು. ಅರಣ್ಯೀಕರಣವೆಂಬ ಹೆಸರಿನಲ್ಲಿ ನಡೆದುದು ಕಾರ್ಖಾನೆಗೆ ಕಚ್ಚಾವಸ್ತುವಿನ ಕೃಷಿಯಾಗಿದ್ದಿತು.

ಹೀಗಿರಲು, ಲಾಭಕ್ಕಾಗಿ ಮಾಡಿದ ಕಾರ್ಯವೆಲ್ಲವೂ ವಂಚನೆಯೆನ್ನಬಹುದೆ? ಹಾಗೆನ್ನುವುದು ಯುಕ್ತವಲ್ಲ. ಇನ್ನೊಬ್ಬರ ಅಂತರಂಗವು ಪ್ರಮಾಣಗಳಿಗೆ ನಿಲುಕತಕ್ಕುದಲ್ಲ. ಸಂಸ್ಥೆಗಾದರೋ ಅಂತರಂಗವೇ ಇಲ್ಲ. ಶಾಸನವು ಈ ತೊಡಕನ್ನು ಒಂದು ರೀತಿಯಲ್ಲಿ ಬಿಡಿಸಿದೆ. 2013ರ ಕಂಪನಿ ಕಾಯಿದೆಯ 135ನೆಯ ವಿಧಿಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜಹಿತಕ್ಕೆ ವೆಚ್ಚಮಾಡತಕ್ಕದ್ದು. ಪರಿಸರರಕ್ಷಣೆಯೂ ಅದರಲ್ಲಿ ಸೇರಿದೆ. ಆದರೆ ಕಂಪನಿಯು ತನ್ನ ವ್ಯವಹಾರದ ಸಹಜಕ್ರಮದಲ್ಲಿ ಮಾಡಿದ ಕೆಲಸವು ಸಾಮಾನ್ಯವಾಗಿ ಈ ಲೆಕ್ಕಕ್ಕೆ ಬರುವುದಿಲ್ಲ. ಎಂದರೆ, ವಿದ್ಯುತ್ತನ್ನು ಮಾರುವವರಿಗೆ ಸೌರವಿದ್ಯುತ್ತು ವ್ಯಾಪಾರವೇ ಹೊರತು ಧರ್ಮಕಾರ್ಯವಲ್ಲ. ವ್ಯಾಪಾರವೆಂದು ಒಪ್ಪಿದ ಮೇಲೆ ಪರೀಕ್ಷಿಸತಕ್ಕುದು ಉದ್ದೇಶವನ್ನಲ್ಲ, ಕರಾರನ್ನು.

ಪಾವಗಡದ ಕರಾರು ಹರಿಹರದ ಯೋಜನೆಗಿಂತ ಉತ್ತಮವಾದುದೆಂದು ಹೇಳಬೇಕು. ಇಲ್ಲಿ ರೈತರ ಭೂಮಿಯನ್ನು ಕ್ರಯಕ್ಕೆ ಪಡೆಯಲಿಲ್ಲ. ಸೌರವಿದ್ಯುತ್ತಿಗಾಗಿ 2015ರಲ್ಲಿ ಸ್ಥಾಪಿತವಾದ ಸರ್ಕಾರಿ ನಿಗಮವು ಅದನ್ನು ದೀರ್ಘಕಾಲದ ಗುತ್ತಿಗೆಗೆ ಹಿಡಿಯಿತು. ಎಕರೆಯೊಂದಕ್ಕೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಗಳಿಗೊಮ್ಮೆ ನೂರಕ್ಕೆ 5ರಷ್ಟು ಏರಿಕೆ. ಮಳೆಯನ್ನೇ ನಂಬಿದ ಹೊಲದವನಿಗೆ ಈ ನಿಶ್ಚಿತವಾದ ವರಮಾನವು ಅಲ್ಪವಲ್ಲ. ಆದರೆ ಇದೇ ಕ್ರಮದಲ್ಲಿ ಎಣಿಸಿದರೆ ಇಪ್ಪತ್ತು ವರ್ಷಗಳ ತರುವಾಯ ಗುತ್ತಿಗೆಯ ಹಣವು ಸುಮಾರು 34,200 ರೂಪಾಯಿಯಾಗುವುದು. ಅಷ್ಟರಲ್ಲಿ ಅಕ್ಕಿ, ಬೇಳೆ, ಔಷಧಗಳ ಬೆಲೆ ಎಷ್ಟಾಗುವುದೋ, ಆ ಏರಿಕೆಯ ಭಾರವು ಗುತ್ತಿಗೆ ಕೊಟ್ಟವನದು.

ಇದಕ್ಕಿಂತಲೂ ಮುಖ್ಯವಾದ ಅಂಶ ಇನ್ನೊಂದಿದೆ. ಕರಾರಿನಲ್ಲಿ ಹೆಸರಿರುವುದು ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಆ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಭೂಹೀನರೂ, ಕೊಯ್ಲಾದ ಮೇಲೆ ಅಲ್ಲಿ ಕುರಿ ಮೇಯಿಸುತ್ತಿದ್ದವರೂ ಅದರಲ್ಲಿ ಪಕ್ಷದಾರರಲ್ಲ. ಫಲಕಗಳ ಕೆಳಗಿನ ಹುಲ್ಲು ಕೊಯ್ಯುವುದು, ಕಾವಲು ಮುಂತಾದ ಕೆಲಸಗಳು ಕೆಲವರಿಗೆ ದೊರೆತಿರುವುದು ನಿಜ. ಆದರೆ ಅದು ದೊರೆತ ಕೆಲಸವೇ ಹೊರತು ಹಕ್ಕಲ್ಲ.

ಆದಕಾರಣ ಉದ್ಯಮಗಳ ಪರಿಸರನಿಷ್ಠೆಯನ್ನು ಅವುಗಳ ಪ್ರಕಟನೆಗಳಿಂದ ನಂಬುವುದೂ, ಲಾಭವಿದೆಯೆಂಬ ಮಾತ್ರಕ್ಕೆ ತಳ್ಳಿಹಾಕುವುದೂ ಸಮಾನವಾಗಿ ದುಡುಕು. ಹರಿಹರದಲ್ಲಿ ಬಿಟ್ಟುಹೋದವರು ಊರಿಗೆ ಊರೇ ಆಗಿದ್ದರು. ಪಾವಗಡದಲ್ಲಿ ಊರಿನೊಳಗಿನ ಬಡವರು. ಮುಂದೆ ಇಂತಹ ಕ್ಷೇತ್ರಗಳು ನಿರ್ಮಾಣವಾಗುವಾಗ ಭೂಹೀನನ ಪಾಲೂ ಕರಾರಿನಲ್ಲಿ ಬರೆಯಲ್ಪಟ್ಟರೆ ಉದ್ದೇಶದ ಶಂಕೆಗೆ ಎಡೆ ಕಡಮೆಯಾಗುವುದು. ಅಲ್ಲಿಯ ತನಕ ಆ ಶಂಕೆಯನ್ನು ಅಸೂಯೆಯೆಂದು ಕರೆಯುವುದು ನ್ಯಾಯವಲ್ಲ.