ತಂದೆಯ ಹೆಸರು ದಕ್ಕದ ಮಗ

ಇಟಲಿಯ ನಾಟಕವೆಂದೊಡನೆ ನಮ್ಮಲ್ಲಿ ಅನೇಕರಿಗೆ ಪಿರಾಂಡೆಲ್ಲೊ ನೆನಪಾಗುತ್ತಾನೆ. ಅವನ ಮುಂದಿನ ತಲೆಮಾರಿನ ಎದುವಾರ್ದೊ ದೆ ಫಿಲಿಪ್ಪೊನನ್ನು ಕುರಿತು ನಾನು ನಾಲ್ಕು ಮಾತು ಹೇಳಬಯಸುತ್ತೇನೆ. ನಟ, ನಾಟಕಕಾರ, ಚಲನಚಿತ್ರ ನಿರ್ದೇಶಕ, ಈ ಮೂರೂ ಆಗಿದ್ದ ಈತನನ್ನು ಅರಿಯಲು ಅವನ ಹೆಸರಿನಿಂದಲೇ ತೊಡಗಬೇಕು.

ಎದುವಾರ್ದೊ ಹುಟ್ಟಿದ್ದು 1900ರಲ್ಲಿ, ನೇಪಲ್ಸ್ ನಗರದಲ್ಲಿ. ತಂದೆ ಎದುವಾರ್ದೊ ಸ್ಕಾರ್ಪೆತ್ತಾ, ಆ ಊರು ಮೆಚ್ಚಿದ ಹಾಸ್ಯನಟ ಹಾಗೂ ನಾಟಕಕಾರ. ತಾಯಿ ಲುಯಿಸಾ ದೆ ಫಿಲಿಪ್ಪೊ, ಸ್ಕಾರ್ಪೆತ್ತಾನ ಹೆಂಡತಿಗೆ ಸೋದರನ ಮಗಳು. ಈ ಕೂಡಿಕೆಯಲ್ಲಿ ಹುಟ್ಟಿದ ತಿತಿನಾ, ಎದುವಾರ್ದೊ, ಪೆಪ್ಪಿನೊ ಮೂವರಿಗೂ ತಂದೆಯ ಕಲೆ ಒಲಿಯಿತು, ಹೆಸರು ದಕ್ಕಲಿಲ್ಲ. 1931ರಲ್ಲಿ ಅವರು ಸ್ವಂತ ಮಂಡಳಿ ಕಟ್ಟಿದಾಗ ಅದಕ್ಕೆ ಕೊಟ್ಟದ್ದು ತಾಯಿಯ ಮನೆತನದ ಹೆಸರನ್ನೇ.

1944ರಲ್ಲಿ ತಮ್ಮ ಪೆಪ್ಪಿನೊ ಬೇರೆಯಾದ. ಮರುವರ್ಷ ಎದುವಾರ್ದೊ, ಯುದ್ಧಕಾಲದ ಕಾಳಸಂತೆ ಒಂದು ಸಂಸಾರವನ್ನು ಒಳಗಿನಿಂದ ಕೊರೆದ ಬಗೆಯನ್ನು ‘ನಾಪೊಲಿ ಮಿಲಿಯೊನಾರಿಯಾ’ ನಾಟಕದಲ್ಲಿ ಚಿತ್ರಿಸಿದ. 1950ರಲ್ಲಿ ಅದನ್ನು ತಾನೇ ಚಲನಚಿತ್ರವಾಗಿಸಿದ.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೊರಳುವುದು ಅಕ್ಕ ತಿತಿನಾಳಿಗಾಗಿ ಅವನು 1946ರಲ್ಲಿ ಬರೆದ ‘ಫಿಲುಮೆನಾ ಮಾರ್ತುರಾನೊ’ದ ಕಡೆಗೆ. ವೇಶ್ಯಾಗೃಹದಿಂದ ಬಂದ ಫಿಲುಮೆನಾ, ದೊಮೆನಿಕೊ ಎಂಬ ಸಿರಿವಂತನ ಮನೆಯನ್ನು ಇಪ್ಪತ್ತೈದು ವರ್ಷ ಹೆಂಡತಿಯಂತೆ ನಡೆಸಿದ್ದಾಳೆ. ಅವನು ಎಳೆಯ ಹೆಣ್ಣೊಬ್ಬಳನ್ನು ವರಿಸಲು ಹೊರಟಾಗ, ಸಾಯುತ್ತಿರುವವಳಂತೆ ನಟಿಸಿ ತಾಳಿಯಷ್ಟೇ ಬಲವಾದ ಆ ವಿವಾಹದ ಹಕ್ಕನ್ನು ಗೆಲ್ಲುತ್ತಾಳೆ. ಗುಟ್ಟಾಗಿ ಬೆಳೆಸಿದ ತನ್ನ ಮೂವರು ಗಂಡುಮಕ್ಕಳಿಗೆ ಒಂದು ಹೆಸರು ಬೇಕೆಂಬುದೇ ಅವಳ ಹಟ. ಮೋಸದ ಮದುವೆ ಊರ್ಜಿತವಾಗುವುದಿಲ್ಲ. ಆಗ ಅವಳು, ಮೂವರಲ್ಲಿ ಒಬ್ಬ ನಿನ್ನ ಮಗ ಎನ್ನುತ್ತಾಳೆ. ಯಾರೆಂದು ಮಾತ್ರ ಹೇಳುವುದಿಲ್ಲ. ಹೇಳಿದರೆ ತಂದೆಯ ಪ್ರೀತಿ ಒಬ್ಬನ ಪಾಲಾಗುತ್ತದೆ, ಅಣ್ಣತಮ್ಮಂದಿರು ಹಗೆಗಳಾಗುತ್ತಾರೆ. ದೊಮೆನಿಕೊ ತನ್ನ ಚಹರೆಯನ್ನು ಹುಡುಕುತ್ತಾ ಮೂವರನ್ನೂ ಹಾಡಿಸಿ ನೋಡುತ್ತಾನೆ. ಮೂವರದೂ ಅಪಸ್ವರ! ಕೊನೆಗೆ ಅವಳನ್ನು ಮನಸಾರೆ ಮದುವೆಯಾಗಿ ಮೂವರಿಗೂ ತಂದೆಯಾಗುತ್ತಾನೆ. ಅದುವರೆಗೆ ಕಣ್ಣೀರನ್ನೇ ಅರಿಯದ ಫಿಲುಮೆನಾ ಅಳುತ್ತಾಳೆ.

1951ರಲ್ಲಿ ಎದುವಾರ್ದೊ ಇದನ್ನೂ ತಿತಿನಾಳೊಂದಿಗೆ ತೆರೆಗೆ ತಂದ. 1964ರಲ್ಲಿ ವಿತ್ತೋರಿಯೊ ದೆ ಸೀಕಾ, ಸೋಫಿಯಾ ಲೊರೆನ್‌ಳನ್ನು ನಾಯಕಿಯಾಗಿಸಿ ಮತ್ತೊಮ್ಮೆ ಚಿತ್ರಿಸಿದ.

ನಾಟಕವನ್ನು ಆತ್ಮಕಥೆಯೆಂದು ಓದುವುದು ತರವಲ್ಲ. ಆದರೂ ಮೂವರು ಮಕ್ಕಳು ಎಂಬ ಎಣಿಕೆಯನ್ನು ನಾನು ಮರೆಯಲಾರೆ. ಇಲ್ಲಿ ತಂದೆಯ ಮೇಲೆ ದೂರಿಲ್ಲ, ಸೇಡಿಲ್ಲ. ತನಗೆ ಸಿಗದಿದ್ದುದನ್ನು ಲೇಖಕ ಮೂವರು ಕಲ್ಪಿತ ಸೋದರರಿಗೆ ಸಮನಾಗಿ ಹಂಚಿದ್ದಾನೆ. 1948ರಲ್ಲಿ ಜಾರಿಗೆ ಬಂದ ಇಟಲಿಯ ಸಂವಿಧಾನದ 30ನೆಯ ವಿಧಿಯು, ವಿವಾಹದ ಹೊರಗೆ ಹುಟ್ಟಿದ ಮಕ್ಕಳನ್ನೂ ಸಾಕಿ ಓದಿಸುವುದು ತಂದೆತಾಯಿಯರ ಕರ್ತವ್ಯವೆಂದು ಸಾರಿತು. ರಂಗಭೂಮಿ ಆ ಮಾತನ್ನು ಅದಕ್ಕೆ ಮೊದಲೇ ಆಡಿತ್ತು.

1981ರಲ್ಲಿ ಇಟಲಿಯ ರಾಷ್ಟ್ರಾಧ್ಯಕ್ಷರು ಎದುವಾರ್ದೊನನ್ನು ಸೆನೆಟ್ಟಿನ ಆಜೀವ ಸದಸ್ಯನನ್ನಾಗಿ ನೇಮಿಸಿದರು. 1984ರಲ್ಲಿ ಅವನು ತೀರಿಕೊಂಡ. ಆ ಹೊತ್ತಿಗೆ ಇಟಲಿಯ ಜನ ಅವನನ್ನು ಬರಿದೇ ‘ಎದುವಾರ್ದೊ’ ಎಂದು ಕರೆಯುತ್ತಿದ್ದರು. ಮನೆತನದ ಹೆಸರು ಬೇಕಾಗಿರಲಿಲ್ಲ.